ರೂಲ್ ಪ್ರಕಾರ ಕೂತಿದ್ದ ಕೋಳಿ

ನೋಟೀಸು ಬಂದಾಗ ಸಂಘಮಿತ್ರಾ ಬಾಯಲ್ಲಿ ಬ್ರಶ್ ಇತ್ತು. ಪಟ್ಟಣ ಪಂಚಾಯ್ತಿ ಜವಾನ ಗೇಟಿಲ್ಲದ ಅಂಗಳದಲ್ಲಿ ನಿಂತ್ಕೊಂಡು, ಬೇಗ ಸೈನ್ ಮಾಡವ್ವ, ಬಿಸಿಲು ಏರ್ತದೆ ಅಂದ. ಅವಳು ನೊರೆ ಉಗಿದು, ಸೈನ್ ಹಾಕಿ, ಓದೋಕೆ ಶುರು ಮಾಡಿದ್ಲು. ಎರಡನೇ ಸಾಲಿಗೆ ಬರೋ ಹೊತ್ತಿಗೆ ಮೈ ಕಾದ ಹೆಂಚಾಗಿತ್ತು.

ಅದು ಹಂದಿ ಸಾಕೋರಿಗೆ ಕೊಡೋ ನೋಟೀಸಿನ ಫಾರ್ಮು. ಊರಲ್ಲಿ ಹಂದಿ ಕಾಟ ಜೋರಾಗಿದ್ದ ಕಾಲದಲ್ಲಿ ಕಂತೆಗಟ್ಟಲೆ ಪ್ರಿಂಟ್ ಹಾಕ್ಸಿದ್ರು, ಇನ್ನೂ ಮುಗಿದಿರಲಿಲ್ಲ. ‘ನಿಮ್ಮ ಮಾಲೀಕತ್ವದ ಹಂದಿಗಳು’ ಅಂತ ಇದ್ದ ಕಡೆ ನೀಲಿ ಪೆನ್ನಲ್ಲಿ ಗೀಟು ಎಳೆದು ಮೇಲೆ ‘ಕೋಳಿ’ ಅಂತ ಬರೆದಿದ್ರು. ಅದೊಂದು ಕಡೆ ಮಾತ್ರ. ಕೆಳಗಿನ ಐದು ಜಾಗದಲ್ಲಿ ಹಂದಿ ಹಂದಿಯಾಗೇ ಉಳಿದಿತ್ತು. ಏಳು ದಿನದೊಳಗೆ ಸದರಿ ಹಂದಿಗಳನ್ನು ವಸತಿ ಪ್ರದೇಶದಿಂದ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ಹಂದಿಗಳನ್ನು ಹಿಡಿದು ಸಾಗಿಸಲಾಗುವುದು.

ಒಳಗಿಂದ ಅವಳ ಅವ್ವ ಬಂಗಾರಮ್ಮ ಏನದು ಅಂತ ಕೇಳಿದ್ಲು. ಮಗಳು ಓದಿ ಹೇಳಿದ್ಲು, ಹಂದಿ ಅನ್ನೋ ಪದ ಬಂದಾಗೆಲ್ಲ ಹಲ್ಲು ಕಚ್ಚಿಕೊಂಡು. ಅವ್ವ ಹಂದಿ ವಿಷಯ ಕಿವಿಗೇ ಹಾಕ್ಕೊಳ್ಳಲಿಲ್ಲ. ಬೆರಳು ಮಡಚಿ ಎಣಿಸಿದ್ಲು.

"ಏಳು ದಿನ ಅಂದ್ರೆ ಮುಂದಿನ ಸೋಮಾರ. ಸರಿಹೋಯ್ತದೆ ಬಿಡು. ಅವತ್ತಿಗೇ ಇಪ್ಪತ್ತೊಂದು."

ಇಪ್ಪತ್ತೊಂದು ಅಂದ್ರೆ ಕಾವಿನ ಲೆಕ್ಕ. ಹಿತ್ತಲ ಕಟ್ಟಿಗೆ ಮಾಡಿನ ಕೆಳಗೆ, ಬೋರಲು ಹಾಕಿದ ಮಂಕ್ರಿಯೊಳಗೆ ಕೆಂದು ಬಣ್ಣದ ಹ್ಯಾಟೆಯೊಂದು ಹದಿಮೂರು ಮೊಟ್ಟೆ ಮೇಲೆ ಕೂತು ಅವತ್ತಿಗೆ ಹದಿನಾಲ್ಕು ದಿನ. ಗಾರೆ ಕೆಲಸದ ಹಳೇ ಕಬ್ಬಿಣದ ಬಾಂಡ್ಲಿ, ಅದರಲ್ಲಿ ಮರಳು, ಮೇಲೆ ಹುಲ್ಲು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಮೊಳೆ, ಒಂದು ಚೂರು ಇದ್ದಿಲು.

ಆ ಹದಿಮೂರು ಮೊಟ್ಟೆ ಅಂತಿಂಥ ಮೊಟ್ಟೆ ಅಲ್ಲ. ಬಂಗಾರಮ್ಮ ಮದುವೆಯಾಗಿ ಬರುವಾಗ ಅವಳ ತಾಯಿ ಸೊರಬದ ಕುಪ್ಪಗಡ್ಡೆಯಿಂದ ಒಂದು ಬುಟ್ಟಿಯಲ್ಲಿ ಬೋಳುಗತ್ತಿನ ಕೋಳಿ ಕೊಟ್ಟು ಕಳಿಸಿದ್ಲು. ತಾಯಿ ಹೋದ್ಲು, ಗಂಡ ಹೋದ, ಆ ತಳಿ ಮಾತ್ರ ಅಂಗಳದಲ್ಲಿ ಓಡಾಡ್ಕೊಂಡಿತ್ತು. ಹೋದ ತಿಂಗಳು ಕೋಳಿಗಳಿಗೆ ಕೊಕ್ಕರೆ ರೋಗ ಬಂದು ಒಂದೇ ವಾರಕ್ಕೆ ಅಂಗಳ ಖಾಲಿ. ಉಳಿದಿದ್ದು ಸಾದಾ ಜಾತಿಯ ಮೂರು ಹ್ಯಾಟೆ, ಒಂದು ಹುಂಜ. ಬೋಳುಗತ್ತು ಒಂದೂ ಉಳೀಲಿಲ್ಲ. ಆಗ ಬಂಗಾರಮ್ಮನ ತಮ್ಮ ಗುತ್ಯಪ್ಪ ತನ್ನ ಮನೇಲಿದ್ದ ಅದೇ ತಳಿಯ ಹದಿಮೂರು ಮೊಟ್ಟೆನ ಭತ್ತದ ಹೊಟ್ಟಲ್ಲಿ ಹೂತು, ಕುಪ್ಪಗಡ್ಡೆಯಿಂದ ಎರಡು ಬಸ್ಸು ಬದಲಾಯಿಸಿ ಮಡಿಲಲ್ಲಿಟ್ಕೊಂಡು ತಂದು ಕೊಟ್ಟಿದ್ದ. ಮರಿಯಾದ್ರೆ ಅರ್ಧ ನಿಂಗೆ, ಅರ್ಧ ನಂಗೆ ಅನ್ನೋ ಪಾಲಿನ ಮಾತು. ಅವನು ವಾಪಸ್ ಹೋದ ಎಂಟನೇ ದಿನಕ್ಕೆ ರೋಗ ಅಲ್ಲಿಗೂ ಬಿತ್ತು. ಫೋನಲ್ಲಿ ಗುತ್ಯಪ್ಪ ಹೇಳಿದ್ದು ಇಷ್ಟೇ: ಅಕ್ಕಾ, ಇನ್ನು ಇರೋದು ನಿನ್ನ ಹತ್ರ ಇರೋವಷ್ಟೇ.

ಊರಿನ ಕಥೆ ಒಂಚೂರು ಹೇಳಿಬಿಡ್ಬೇಕು. ಕಲ್ಲೊಡ್ಡುಕೊಪ್ಪ ಅಂದ್ರೆ ಶಿಕಾರಿಪುರದಿಂದ ಸೊರಬಕ್ಕೆ ಹೋಗೋ ಬಸ್ಸು ನಿಂತು, ಡ್ರೈವರ್ ಟೀ ಕುಡಿಯೋ ಊರು. ಎರಡು ವರ್ಷದ ಹಿಂದಿನ ತನಕ ಗ್ರಾಮ ಪಂಚಾಯ್ತಿ. ಆಮೇಲೆ ಬೋರ್ಡಿಗೆ ಹೊಸ ಪೇಂಟು ಬಿತ್ತು, ಪಟ್ಟಣ ಪಂಚಾಯ್ತಿ ಆಯ್ತು. ಪೇಂಟು ಒಣಗೋದ್ರೊಳಗೆ ಜನ ಎಲ್ಲ ಪಟ್ಟಣದವರಾಗಿಬಿಟ್ರು, ಕೋಳಿಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಬಂಗಾರಮ್ಮನ ಮನೆ ಕೇರಿಯ ಕೊನೇ ಮನೆ. ಅದರ ಆಚೆಗಿದ್ದ ಗದ್ದೆ ಲೇಔಟಾಗಿ, ಲೇಔಟಲ್ಲಿ ಬಣ್ಣಬಣ್ಣದ ಮನೆಗಳು ಎದ್ದು, ಈಗ ಎಲ್ಲರ ಬಾಯಲ್ಲೂ ಬಂಗಾರಮ್ಮನೇ ಲೇಔಟಿಗೆ ಬಂದು ಸೇರ್ಕೊಂಡೋಳು ಅನ್ನೋ ಹಂಗಾಗಿತ್ತು.

ಸಂಘಮಿತ್ರಾ ಶಿಕಾರಿಪುರದ ಕಾಲೇಜಲ್ಲಿ ಕೊನೇ ವರ್ಷ ಬಿಕಾಂ. ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನೊಳಗೆ "ನಾಳೆ ರಜಾ" ಅಂತ ಹೇಳಿ ಅರ್ಧ ಕಾಲೇಜನ್ನ ಮನೆಗೆ ಕಳಿಸಿದ ಕೇಸು ಅವಳ ಹೆಸರಲ್ಲಿತ್ತು. ಬಸ್ಸಲ್ಲಿ ಸೀಟು ಕೇಳೋದೂ ಡೈಲಾಗಲ್ಲೇ. ಕಂಡಕ್ಟರ್ ಚಿಲ್ಲರೆ ಕೊಡದಿದ್ರೆ, "ಅಣ್ಣಾ, ನಾನು ಇಳಿಯೋ ಸ್ಟಾಪ್ ಬರುತ್ತೆ, ನಿನ್ನ ಟೈಮೂ ಬರುತ್ತೆ" ಅನ್ನೋಳು. ಒಳಗೆ ಸಿಟ್ಟು ಕಮ್ಮಿ ಇದ್ದಷ್ಟೂ ಡೈಲಾಗು ಜಾಸ್ತಿ. ಸಿಟ್ಟು ನಿಜವಾಗ್ಲೂ ಬಂದಾಗ ಅವಳ ಬಾಯಿ ಹೆಂಗಿರುತ್ತೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಮೊದಲು ಕಂಪ್ಲೇಂಟ್ ಕೊಟ್ಟವರ ಮನೆಗೆ ಹೋದ್ಲು. ಎದುರುಮನೆ ಗುರುಮಲ್ಲಪ್ಪ, ರಿಟೈರಾದ ಮೇಷ್ಟ್ರು, ಲೇಔಟ್ ಸಂಘದ ಅಧ್ಯಕ್ಷರು. ಗೇಟ್ ತೆಗೀಲಿಲ್ಲ, ಆದ್ರೆ ಮರ್ಯಾದೆಯಿಂದಲೇ ಮಾತಾಡಿದ್ರು. ಹುಂಜ ನಸುಕಿನಲ್ಲೇ ಕೂಗ್ತೈತಿ, ಹೆಂಡ್ತಿಗೆ ಉಬ್ಬಸ ಐತಿ, ಹೊಸದಾಗಿ ಹಾಕಿದ ದಾಸವಾಳದ ಬುಡ ಎಲ್ಲ ಕೆರೆದು ಹಾಕ್ಯಾವು, ಕಾರಿನ ಬಾನೆಟ್ ಮೇಲೆ ಹಿಕ್ಕೆ. ಒಂದೂ ಸುಳ್ಳಲ್ಲ. ಸಂಘಮಿತ್ರಾ ತಪ್ಪಾಯ್ತು ಸಾರ್ ಅಂದ್ಲು. ಮರಿ ಆಗೋ ತನಕ ಬಿಡಿ, ಆಮೇಲೆ ಬಲೆ ಹೊಡೆದು ಗೂಡು ಮಾಡ್ತೀವಿ ಅಂದ್ಲು. ಅವರು ತಲೆ ಅಲ್ಲಾಡಿಸಿ, ಇನ್ನು ಅದು ಆಫೀಸಿನವರ ಕೈಯಾಗೈತಿ ಅಂದು, ತಿರುಗಿ ಒಳಗೆ ಹೋಗ್ತಾ ಹೆಂಡ್ತಿಗೆ ಹೇಳಿದ್ದು ಗೇಟಿನ ಆಚೆಗೂ ಕೇಳಿಸ್ತು.

"ಇವರಿಗೆ ಎಷ್ಟು ಹೇಳಿದ್ರೂ ಅಷ್ಟೇ."

ಇವರಿಗೆ. ಆ ಮಾತನ್ನ ಮೂರು ದಿನ ಅವಳು ನಾಲಿಗೆ ಮೇಲೆ ಇಟ್ಕೊಂಡು ಓಡಾಡಿದ್ಲು. ಕೇರಿಯ ಮನೆಗೇ ಹಂದಿ ಫಾರ್ಮು ಯಾಕೆ ಬರುತ್ತೆ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಾಯಿ ಮುಚ್ಕೊಂಡು ಇದ್ದಿದ್ರೆ ಏಳು ದಿನ ಸಿಕ್ಕಿರೋದು. ಇರಲಿಲ್ಲ. ಬುಧವಾರ ಒಂದು ಬಿಳಿ ಹಾಳೆ ತಗೊಂಡು ಉತ್ತರ ಬರೆದ್ಲು. ಮಾನ್ಯರೇ, ತಮ್ಮ ನೋಟೀಸಿನ ಪ್ರಕಾರ ಮನೆಯೆಲ್ಲ ಹುಡುಕಿದೆವು, ಹಂದಿಗಳು ಸಿಗಲಿಲ್ಲ. ಅಟ್ಟದ ಮೇಲೂ ನೋಡಿದೆವು. ತಮಗೆ ಬೇಕೇ ಬೇಕು ಅಂತಿದ್ದರೆ ಎಲ್ಲಿ ಸಿಗುತ್ತವೆ ತಿಳಿಸಿ, ತರಿಸಿ ತೆರವುಗೊಳಿಸುತ್ತೇವೆ. ಇಂತಿ ತಮ್ಮ ವಿಧೇಯ. ಆಫೀಸಲ್ಲಿ ಸೀಲ್ ಹಾಕಿಸ್ಕೊಂಡು ಬಂದು ಕಾಲೇಜಿನ ಗ್ರೂಪಿಗೆ ಫೋಟೋ ಹಾಕಿದ್ಲು. ಮುನ್ನೂರು ನಗು ಬಂತು. ಬಂಗಾರಮ್ಮ ಅಂಗನವಾಡಿ ಸಹಾಯಕಿ. ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ ಮಾರಾಯ್ತಿ, ನಾಲ್ಕು ದಿನ ಸುಮ್ನಿರು ಅಂತ ಬೇಡ್ಕೊಂಡ್ಲು. ಮಗಳು ಅವ್ವನ ಗಲ್ಲ ಹಿಡಿದು, "ಹೀರೋಯಿನ್ ಸುಮ್ನಿದ್ರೆ ಪಿಕ್ಚರ್ ಓಡಲ್ಲ ಅವ್ವ" ಅಂದ್ಲು.

ಪಿಕ್ಚರ್ ಓಡ್ತು.

ಹೆಲ್ತ್ ಇನ್ಸ್‌ಪೆಕ್ಟರ್ ಮಹಾಂತೇಶ್‌ಗೆ ಆ ಫೋಟೋ ಐದು ಕಡೆಯಿಂದ ಫಾರ್ವರ್ಡ್ ಆಗಿ ಬಂತು. ಕೂಲಿಂಗ್ ಗ್ಲಾಸ್ ಹಣೆ ಮೇಲಿಟ್ಕೊಂಡು ಓಡಾಡೋ ಮನುಷ್ಯ, ದಿನಾ ಬೆಳಿಗ್ಗೆ ಚರಂಡಿ ಪಕ್ಕ ನಿಂತು ಫೋಟೋ ಹೊಡೆಸ್ಕೊಳ್ಳೋನು. ಅಂಥವನ ಹಂದಿ ಫಾರ್ಮು ಊರೆಲ್ಲ ಓಡಾಡ್ತಿದೆ ಅಂದ್ರೆ ಸುಮ್ನೆ ಇರ್ತಾನಾ. ಫೈಲಲ್ಲಿ ಬರೆದ: ಉತ್ತರ ತೃಪ್ತಿಕರವಾಗಿಲ್ಲ, ಕೂಡಲೇ ಕ್ರಮ.

ಶುಕ್ರವಾರ, ಕಾವಿನ ಹದಿನೆಂಟನೇ ದಿನ. ಹನ್ನೊಂದು ಗಂಟೆ, ನೆತ್ತಿ ಸುಡೋ ಬಿಸಿಲು. ಬಂಗಾರಮ್ಮ ಅಂಗನವಾಡಿಯಲ್ಲಿ. ಸಂಘಮಿತ್ರಾ ಒಬ್ಬಳೇ ಮನೇಲಿ ಪರೀಕ್ಷೆಗೆ ಓದ್ತಾ ಇದ್ಲು. ಟ್ರ್ಯಾಕ್ಟರು ಬಂತು. ಹಿಂದಿನ ಟ್ರೈಲರಲ್ಲಿ ಹಂದಿ ಹಿಡಿಯೋ ಬೋನು. ಡ್ರೈವರ್ ನಾಗರಾಜ್, ಬಲೆ ಹಿಡಿದ ಮೂರು ಜನ, ಬೈಕಲ್ಲಿ ಮಹಾಂತೇಶ್.

ನಾಟಿ ಕೋಳಿ ಸಾಕಿದ ಯಾರನ್ನ ಬೇಕಾದ್ರೂ ಕೇಳಿ, ಹಗಲಲ್ಲಿ ಹಿಡಿಯೋಕೆ ಹೋಗಲ್ಲ. ಸಂಜೆ ಅವು ತಾವಾಗೇ ಗೂಡು ಸೇರಿದ ಮೇಲೆ ಕೈ ಹಾಕಿದ್ರೆ ಸೊಪ್ಪು ಕಿತ್ತ ಹಾಗೆ ಬರ್ತಾವೆ. ನಡು ಬಿಸಿಲಲ್ಲಿ ಬಲೆ ಹಿಡ್ಕೊಂಡು ಬರೋ ಬುದ್ಧಿ ಆಫೀಸಿಗೆ ಮಾತ್ರ ಇರುತ್ತೆ. ಹುಂಜ ಮೊದಲನೇ ಬಲೆ ಬೀಳೋ ಮುಂಚೆನೇ ಕಾಂಪೌಂಡ್ ಹಾರ್ತು. ಎರಡು ಹ್ಯಾಟೆ ಅದರ ಹಿಂದೆ. ಆಮೇಲೆ ಶುರುವಾಯ್ತು ನೋಡಿ ಚೇಸಿಂಗು. ಗುರುಮಲ್ಲಪ್ಪನವರ ದಾಸವಾಳದ ಮೇಲೆ ಒಬ್ಬ ಬಿದ್ದ. ಇನ್ನೊಬ್ಬನ ಬಲೆ ಯಾರದೋ ಸ್ಕೂಟರ್ ಕನ್ನಡಿಗೆ ಸಿಕ್ಕಾಕ್ಕೊಳ್ತು. ಹುಂಜ ಬಾನೆಟ್ ಮೇಲೆ ಹತ್ತಿ, ಎದೆ ಉಬ್ಬಿಸಿ, ಒಂದು ಕೂಗು ಕೂಗಿ, ಸಜ್ಜಾ ಮೇಲೆ ಹೋಗಿ ಕೂತ್ಕೊಳ್ತು. ಇಡೀ ಲೇಔಟು ಬಾಲ್ಕನಿ ಸೀಟಲ್ಲಿ ನಿಂತು ನೋಡ್ತು. ಸಂಘಮಿತ್ರಾ ಹೊಸಲ ಮೇಲೆ ಕೂತು ಮೊಬೈಲಲ್ಲಿ ವಿಡಿಯೋ ಮಾಡ್ತಾ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು. "ಸಾರ್, ಇನ್ನೊಂದು ಟೇಕ್ ಹೋಗೋಣ್ವಾ?"

ಮುಕ್ಕಾಲು ಗಂಟೆ ಆಯ್ತು. ಮಹಾಂತೇಶ್ ಅಂಗಿ ಬೆನ್ನಿಗಂಟಿತ್ತು. ಬೋನು ಖಾಲಿ. ಬಾಲ್ಕನಿಯವರೆಲ್ಲ ನೋಡ್ತಿದ್ದಾರೆ, ಬರಿಗೈಯಲ್ಲಿ ಹೋಗೋಕಾಗಲ್ಲ. ಅವನು ಮನೆ ಸುತ್ತಿ ಹಿತ್ತಲಿಗೆ ಹೋದ. ಕಟ್ಟಿಗೆ ಮಾಡಿನ ಕೆಳಗೆ ಮಂಕ್ರಿ ನೋಡಿದ. ನಾಗರಾಜನ್ನ ಕರೆದ.

ಸಂಘಮಿತ್ರಾ ನಗು ಅಲ್ಲಿಗೇ ನಿಂತ್ಹೋಯ್ತು. ಅವಳು ಹಿತ್ತಲಿಗೆ ಓಡಿ ಬಂದಾಗ ನಾಗರಾಜ್ ಮಂಕ್ರಿ ಎತ್ತಿ ಆಗಿತ್ತು. ಹ್ಯಾಟೆ ಓಡಲಿಲ್ಲ. ಓಡಬಹುದಾಗಿತ್ತು, ಮಂಕ್ರಿ ಎತ್ತಿದ ಮೇಲೆ ಅಡ್ಡ ಏನೂ ಇರಲಿಲ್ಲ. ಪುಕ್ಕ ಉಬ್ಬಿಸಿ, ಗುರ್ ಅಂತ ದನಿ ತೆಗೆದು, ಬಂದ ಕೈಯನ್ನ ಕುಕ್ಕಿತು. ಜಾಗ ಬಿಡಲಿಲ್ಲ. ನಾಗರಾಜ್ ಕೈ ಕೆಳಗೆ ಹಾಕಿದವನು ಹಂಗೇ ನಿಂತ. ಬಿಸಿ ತಾಗಿರಬೇಕು. "ಸಾರ್, ಕಾವಿಗೆ ಕೂತೈತೆ" ಅಂದ. ಮಹಾಂತೇಶ್ ಬೆರಳಲ್ಲಿ ಎತ್ತು ಅಂತ ತೋರಿಸಿದ.

ನಾಗರಾಜ್ ಎತ್ತಿದ.

ಸಂಘಮಿತ್ರಾ ಅಡ್ಡ ನಿಂತ್ಲು, ಕೈ ಮುಗಿದ್ಲು, ಮೂರೇ ದಿನ ಸಾರ್ ಅಂದ್ಲು. ಯಾವ ಡೈಲಾಗೂ ಬಾಯಿಗೆ ಬರಲಿಲ್ಲ. ಮಹಾಂತೇಶ್ ಪಂಚನಾಮೆ ಪುಸ್ತಕ ತೆಗೆದ. ಅದೂ ಹಂದಿಯದ್ದೇ. ಈ ಸಲ ಗೀಟು ಎಳೆಯೋಕೂ ಪುರುಸೊತ್ತಿರಲಿಲ್ಲ. ‘ಹಿಡಿದ ಹಂದಿಗಳ ಸಂಖ್ಯೆ’ ಅನ್ನೋದರ ಮುಂದೆ ಒಂದು ಅಂತ ಬರೆದು, ಹಾಳೆ ಹರಿದು ಅವಳ ಕೈಗಿಟ್ಟ.

"ಹುಡುಕಿದ್ರೂ ಸಿಗಲಿಲ್ಲ ಅಂತ ಬರ್ದಿದ್ಯಲ್ಲಮ್ಮ. ನೋಡು, ನಮಗೆ ಸಿಕ್ತು."

ಟ್ರ್ಯಾಕ್ಟರ್ ಹೋಯ್ತು. ಬೀದಿ ಕೋಳಿ ಮೂರೂ ಸಜ್ಜಾ ಮೇಲೆ ಆರಾಮಾಗಿ ಕೂತಿದ್ವು. ಗುರುಮಲ್ಲಪ್ಪ ಗೇಟಿನ ಒಳಗೆ ನಿಂತು ಎಲ್ಲ ನೋಡ್ತಿದ್ರು.

ಅವಳು ಬಾಂಡ್ಲಿ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಮೊಟ್ಟೆ ಮುಟ್ಟಿದ್ಲು. ಬಿಸಿ ಇತ್ತು. ಅವ್ವನಿಗೆ ಫೋನ್ ಮಾಡಿದ್ಲು. ಬಂಗಾರಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಬಟ್ಟೆ ಮುಚ್ಚು, ಅಲ್ಲಾಡಿಸಬೇಡ, ಬಂದೆ ಅಂದ್ಲು. ಹತ್ತು ನಿಮಿಷದಲ್ಲಿ ಬಂದ್ಲು, ಚಪ್ಪಲಿ ಎಲ್ಲೋ ಬಿಟ್ಟು. ಬಂದವಳೇ ಹದಿಮೂರು ಮೊಟ್ಟೆನೂ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಬಾಂಡ್ಲಿಯಲ್ಲಿಟ್ಟು, ಬಾಂಡ್ಲಿನ ಹೊಟ್ಟೆಗೆ ಅವಚಿಕೊಂಡು, ಗಾಡಿ ತೆಗಿ ಅಂದ್ಲು.

ಪಟ್ಟಣ ಪಂಚಾಯ್ತಿ ಆಫೀಸು ಎರಡು ಕಿಲೋಮೀಟರ್. ಪಟ್ಟಣ ಆದ ಖುಷಿಗೆ ಆ ರೋಡಿಗೆ ಒಂಬತ್ತು ಹಂಪ್ ಹಾಕಿದ್ರು. ಒಂದೊಂದು ಹಂಪಿಗೂ ಸಂಘಮಿತ್ರಾ ಸ್ಕೂಟಿ ನಿಲ್ಲಿಸಿ, ಎರಡೂ ಕಾಲು ನೆಲಕ್ಕೆ ಊರಿ, ದೂಡಿಕೊಂಡು ದಾಟಿಸಿದ್ಲು. ಹಿಂದಿನ ಲಾರಿ ಹಾರ್ನ್ ಹೊಡೀತಾನೇ ಇತ್ತು. ತಾನು ಬರೆದ ಆ ಕಾಗದದ ಒಂದೊಂದು ಸಾಲೂ ನೆನಪಾಗ್ತಿತ್ತು. ಅಟ್ಟದ ಮೇಲೂ ನೋಡಿದೆವು. ಎಷ್ಟು ಚೆನ್ನಾಗಿತ್ತು ಆವತ್ತು. ತನ್ನ ಕೆನ್ನೆಗೆ ತಾನೇ ಹೊಡ್ಕೊಳ್ಳೋಣ ಅನ್ನಿಸ್ತು. ಹ್ಯಾಂಡಲ್ ಬಿಡೋ ಹಾಗಿರಲಿಲ್ಲ.

ಆಫೀಸಿನ ಹಿತ್ತಲ ಅಂಗಳದಲ್ಲಿ ಟ್ರೈಲರು ನಿಂತಿತ್ತು, ಬಿಸಿಲಲ್ಲಿ. ಬೋನಿನ ಮೂಲೆಯಲ್ಲಿ ಹ್ಯಾಟೆ ಕೊಕ್ಕು ತೆರೆದು ಏದುಸಿರು ಬಿಡ್ತಿತ್ತು. ಮಹಾಂತೇಶ್ ಊಟಕ್ಕೆ ಕೂತಿದ್ದ. ಎಳೆದಾಡಿ ಮಾತಾಡಿದ. ಹಿಡಿದ ಪ್ರಾಣಿ ಬಿಡ್ಬೇಕು ಅಂದ್ರೆ ಅರ್ಜಿ ಕೊಡ್ಬೇಕು, ಅದಕ್ಕೆ ಚೀಫ್ ಆಫೀಸರ್ ಸೈನ್ ಆಗ್ಬೇಕು, ಅವರು ಶಿವಮೊಗ್ಗಕ್ಕೆ ಮೀಟಿಂಗಿಗೆ ಹೋಗ್ಯಾರೆ, ನಾಳೆ ಬರ್ರಿ. ಸಂಘಮಿತ್ರಾ ಯಾವ ರೂಲಲ್ಲಿ ಹಿಡಿದ್ರಿ ತೋರಿಸಿ ಅಂತ ಮೇಜು ಬಡಿದ್ಲು. ಮೂಲೆಯಲ್ಲಿದ್ದ ಗುಮಾಸ್ತೆ ಹೆಂಗಸು, ಇವರ ಕಡೆ ನೋಡದೇನೇ, ಒಂದು ಫೈಲು ತೆಗೆದು ಮೇಜಿನ ಅಂಚಿಗೆ ಸರಿಸಿದ್ಲು. ಅದರಲ್ಲಿ ಕೋಳಿ ಬಗ್ಗೆ ಪಂಚಾಯ್ತಿ ಮಾಡಿದ ಠರಾವು ಎರಡೇ ಸಾಲು ಇತ್ತು. ಕೋಳಿ ಸಾಕುವವರು ಬೀದಿಗೆ ಬಿಡದೆ, ಗೂಡಿನಲ್ಲಿ ಅಥವಾ ಮುಚ್ಚಿದ ಜಾಗದಲ್ಲಿ ಇಟ್ಟು ಸಾಕತಕ್ಕದ್ದು. ಬೀದಿಯಲ್ಲಿ ಸಿಕ್ಕ ಕೋಳಿಗಳನ್ನು ವಶಕ್ಕೆ ತೆಗೆದುಕೊಳ್ಳಲಾಗುವುದು.

ಅವಳು ಎರಡು ಸಲ ಓದಿದ್ಲು. ಮೂರನೇ ಸಲ ಜೋರಾಗಿ ಓದಿದ್ಲು, ಆಫೀಸೆಲ್ಲ ಕೇಳೋ ಹಾಗೆ. ಆಮೇಲೆ ದನಿ ಇಳೀತು. ಇಳಿದ ದನಿ ಕೇಳಿ ಗುಮಾಸ್ತೆ ತಲೆ ಎತ್ತಿದ್ಲು.

"ಬೀದೀಲಿ ಮೂರಿದ್ವು ಸಾರ್. ಅವು ಮೂರೂ ತಪ್ಪು. ಅವನ್ನ ಹಿಡಿಯೋಕೆ ನಿಮ್ ಕೈಲಾಗ್ಲಿಲ್ಲ. ಗೂಡಲ್ಲಿ ಒಂದಿತ್ತು. ಇಡೀ ಊರಲ್ಲಿ ನಿಮ್ಮ ರೂಲ್ ಪ್ರಕಾರ ಕೂತಿದ್ದಿದ್ದು ಅದೊಂದೇ. ಓಡ್ಲಿಲ್ಲ ಅಂತ ಅದನ್ನ ಎತ್ಕೊಂಡ್ ಬಂದ್ರಿ."

ಮಹಾಂತೇಶ್ ಅನ್ನ ಕಲಸೋದು ನಿಲ್ಲಿಸಿದ. ಏನೋ ಹೇಳೋಕೆ ಬಾಯಿ ತೆಗೆದ. ಅಷ್ಟರಲ್ಲಿ ಹೊರಗೆ ಕಬ್ಬಿಣದ ಸದ್ದಾಯ್ತು. ಬಂಗಾರಮ್ಮ ಇವರ ವಾದ ಕೇಳ್ತಾ ನಿಂತಿರಲಿಲ್ಲ. ಟ್ರೈಲರ್ ಹತ್ತಿದ್ಲು, ಬೋನಿನ ಚಿಲಕ ತೆಗೆದ್ಲು, ಒಳಗೆ ಬಗ್ಗಿ ಹೋಗಿ ಬಾಂಡ್ಲಿನ ಮೂಲೆಯಲ್ಲಿಟ್ಲು. ಒಂದೊಂದೇ ಮೊಟ್ಟೆ ಬಿಚ್ಚಿಟ್ಲು. ಆಮೇಲೆ ಹ್ಯಾಟೆ ಕಡೆ ಬೆನ್ನು ಮಾಡಿ ಸುಮ್ನೆ ಕೂತ್ಲು.

ಹ್ಯಾಟೆ ತಲೆ ಓರೆ ಮಾಡಿ ನೋಡ್ತು. ಎರಡು ಹೆಜ್ಜೆ ಬಂತು, ನಿಂತ್ಕೊಳ್ತು. ಬಾಂಡ್ಲಿ ಅಂಚಿಗೆ ಹತ್ತಿ, ಕೊಕ್ಕಿನಿಂದ ಒಂದು ಮೊಟ್ಟೆ ತಿರುಗಿಸ್ತು. ರೆಕ್ಕೆ ಅಗಲಿಸಿ, ಹೊಟ್ಟೆ ಇಳಿಸಿ, ಆ ಕಡೆ ಈ ಕಡೆ ಮೈ ಅಲ್ಲಾಡಿಸಿ ಕೂತ್ಕೊಳ್ತು. ನಾಗರಾಜ್ ಎಲ್ಲಿಂದಲೋ ಒಂದು ತಾಡಪಾಲು ತಂದು ಬೋನಿನ ಮೇಲೆ ಕಟ್ಟೋಕೆ ಶುರು ಮಾಡಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಮೂರು ಗಂಟೆಗೆ ಮಹಾಂತೇಶ್ ಕೈ ಒರೆಸ್ಕೊಂಡು ಬಂದ. ಸಂಜೆ ಕಸದ ಪಾಳಿಗೆ ಟ್ರೈಲರ್ ಬೇಕಿತ್ತು. ಹೋಗ್ಲಿ, ಮಾನವೀಯತೆ ದೃಷ್ಟಿಯಿಂದ ಬಿಟ್ಟಿದೀನಿ, ಎತ್ಕೊಂಡು ಹೋಗ್ರಿ ಅಂದ.

ಉತ್ತರ ಕೊಟ್ಟಿದ್ದು ಬಂಗಾರಮ್ಮ. ಅವತ್ತಿಗೆ ಅವಳು ಆಫೀಸಿನವರ ಹತ್ರ ಆಡಿದ ಮೊದಲ ಮಾತು ಅದು.

"ಈಗ ಆಗದಿಲ್ಲ ಸಾರ್. ಒಂದ್ಸಲ ಎಬ್ಬಿಸಿದ್ದಕ್ಕೇ ಎಷ್ಟು ಹೋಗಿದಾವೋ ಗೊತ್ತಿಲ್ಲ. ಇನ್ನೊಂದ್ಸಲ ಎಬ್ಬಿಸಿದ್ರೆ ಅದು ಕೂರಾದಿಲ್ಲ. ಸೋಮಾರದ ತನಕ ಇಲ್ಲೇ."

ಅವನು ರೇಗಿದ. ಇದು ಸರ್ಕಾರಿ ಗಾಡಿ ಅಂದ. ನೀನು ಅಂಗನವಾಡೀಲಿ ಇರೋಳು ಅಂತ ಗೊತ್ತು ನಂಗೆ ಅಂದ. ಬಂಗಾರಮ್ಮನ ಮುಖ ಬಿಳಿಚಿಕೊಳ್ತು, ಆದ್ರೆ ಬೋನಿನ ಬಾಗಿಲಿಂದ ಸರೀಲಿಲ್ಲ. ಮಹಾಂತೇಶ್ ನಾಗರಾಜನಿಗೆ ಇಳಿಸು ಅಂದ. ನಾಗರಾಜ್ ಕೈ ಹಿಂದಕ್ಕೆ ಕಟ್ಕೊಂಡ.

"ನಾನು ಒಂದ್ಸಲ ಎತ್ತಿದ್ದೇ ಸಾಕು ಸಾರ್. ಬೇಕಾದ್ರೆ ನೀವೇ ಎತ್ರಿ."

ಬಲೆ ಹಿಡಿದಿದ್ದ ಮೂವರೂ ಬೀಡಿ ಹಚ್ಚೋಕೆ ಗೇಟಿನ ಆಚೆ ಹೋದ್ರು. ಮಹಾಂತೇಶ್ ಬೋನಿನ ತನಕ ಹೋದ, ಕೈ ಚಾಚಿದ. ಹ್ಯಾಟೆ ಕುಕ್ಕಿತು. ಕೈ ವಾಪಸ್ ತಗೊಂಡು ಬೆರಳು ನೋಡ್ಕೊಂಡ. ಸಂಘಮಿತ್ರಾ ಪಂಚನಾಮೆ ಹಾಳೆ ಅವನ ಮುಂದೆ ಹಿಡಿದ್ಲು. ಇದರಲ್ಲಿ ಒಂದು ಹಂದಿ ಅಂತ ಇದೆ, ನಾವು ಹಂದಿ ತಗೊಂಡು ಹೋಗ್ಬೇಕಾ? ಇಲ್ಲ ಅಂದ್ರೆ ಗೂಡಲ್ಲಿದ್ದ ಕೋಳಿ ಹಿಡಿದಿದ್ದು ತಪ್ಪಾಯ್ತು ಅಂತ ಬರ್ದು ಕೊಡಿ. ಅವನು ಬರೀಲಿಲ್ಲ. ಟ್ರೈಲರ್ ಅಲ್ಲೇ ನಿಂತ್ಕೊಳ್ತು.

ಇರೋದು ಒಂದೇ ಟ್ರೈಲರು. ಶನಿವಾರ ಬೆಳಿಗ್ಗೆ ಲೇಔಟಿನ ಒಂದೊಂದು ಗೇಟಿನ ಮುಂದೂ ಬಕೆಟ್ಟುಗಳು ತುಂಬಿ ನಿಂತಿದ್ವು. ಹತ್ತು ಗಂಟೆಗೆ ಗುರುಮಲ್ಲಪ್ಪ ಆಫೀಸಿಗೆ ಬಂದ್ರು, ಕಸದ ಗಾಡಿ ಯಾಕೆ ಬಂದಿಲ್ಲ ಕೇಳೋಕೆ. ಗಾಡಿ ಯಾಕೆ ಬಂದಿಲ್ಲ ಅನ್ನೋದು ಹಿತ್ತಲಲ್ಲೇ ಕಾಣ್ತು. ಹ್ಯಾಟೆ ದಿನಕ್ಕೊಂದ್ಸಲ ತಾನಾಗೇ ಏಳೋ ಹತ್ತು ನಿಮಿಷದಲ್ಲಿ ಬಂಗಾರಮ್ಮ ಅದಕ್ಕೆ ನುಚ್ಚು ತಿನ್ನಿಸ್ತಿದ್ಲು. ಗುರುಮಲ್ಲಪ್ಪ ಅದನ್ನ ನೋಡಿದ್ರು. ಸಂಘಮಿತ್ರಾಗೆ ಹೇಳಿದ್ರು.

"ಇಷ್ಟು ಮಾಡ್ರಿ ಅಂತ ನಾನು ಬರ್ದಿರಲಿಲ್ಲವ್ವ. ಬೀದಿಗೆ ಬಿಡಬಾರದು ಅಂತ ಅಷ್ಟೇ ಬರ್ದಿದ್ದೆ. ಬೇಕಾದ್ರೆ ಕಂಪ್ಲೇಂಟ್ ವಾಪಸ್ ತಗೊಂತೀನಿ."

"ತಗೊಳ್ಳಿ ಸಾರ್, ಅದು ಪೇಪರ್ರು, ವಾಪಸ್ ಬರುತ್ತೆ." ಅವಳು ಅವರ ಎದುರಿಗೆ ಬಂದು ನಿಂತ್ಲು. "ನಿನ್ನೆ ಇವರು ಕಾವಿಗೆ ಕೂತಿದ್ದನ್ನ ಎತ್ಕೊಂಡು ಹೊರಟಾಗ ನೀವು ಗೇಟಲ್ಲೇ ನಿಂತಿದ್ರಿ. ನೀವು ಮೇಷ್ಟ್ರು. ‘ಅದಲ್ಲಪ್ಪ, ಅದು ಕಾವಿಗೆ ಕೂತಿದೆ’ ಅಂತ ಒಂದು ಮಾತು ಹೇಳಿದ್ರೆ ಇವರು ಬಿಡ್ತಿದ್ರು. ನಿಮ್ಮ ಮಾತು ಕೇಳ್ತಾರೆ ಸಾರ್. ನಮ್ಮ ಮಾತಿಗೆ ಇವರು ಹಂದಿ ಫಾರ್ಮ್ ಕಳಿಸ್ತಾರೆ. ಇವರಿಗೆ ಎಷ್ಟು ಹೇಳಿದ್ರೂ ಅಷ್ಟೇ."

ಗುರುಮಲ್ಲಪ್ಪನವರ ಕಿವಿ ಕೆಂಪಾಯ್ತು. ಗೇಟಿನ ಆಚೆಗೆ ಕೇಳಿಸಿದೆ ಅಂತ ಅವರಿಗೆ ಆಗ ಗೊತ್ತಾಯ್ತು. ಬಂದ ದಾರೀಲೇ ವಾಪಸ್ ಹೋದ್ರು. ಸಂಜೆ ಲೇ‌ಔಟಿನವರೆಲ್ಲ ತಮ್ಮ ತಮ್ಮ ಬಕೆಟ್ಟು ಹೊತ್ಕೊಂಡು ಊರಾಚೆ ಗುಂಡಿ ತನಕ ನಡೆದ್ರು.

ಭಾನುವಾರ ಸಂಜೆ ಬಂಗಾರಮ್ಮ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತಂದು, ಒಂದೊಂದೇ ಮೊಟ್ಟೆ ತೇಲಿ ಬಿಟ್ಲು. ಒಳಗೆ ಜೀವ ಇದ್ರೆ ಮೊಟ್ಟೆ ತಾನಾಗೇ ತೊಟ್ಟಿಲ ಹಾಗೆ ತೂಗುತ್ತೆ. ಒಂಬತ್ತು ತೂಗಿದ್ವು. ಒಂದು ಚೂರೇ ಚೂರು ಅಲ್ಲಾಡ್ತು. ಮೂರು ಸುಮ್ಮನಿದ್ವು. ಅವಳು ಆ ಮೂರನ್ನೂ ಒರೆಸಿ ಉಳಿದವುಗಳ ಜೊತೆಗೇ ವಾಪಸ್ ಇಟ್ಲು. ಯಾರಿಗೆ ಗೊತ್ತು ಅಂದ್ಲು. ಮಗಳ ಮುಖ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಹ್ಯಾಟೆಯ ಹೊಟ್ಟೆ ಕೆಳಗಿಂದ ಚಿಂವ್ ಅಂತ ಬಂತು. ಹತ್ತು ಗಂಟೆಗೆ ಒಂಬತ್ತು ಮರಿ. ಆರು ಬೋಳುಗತ್ತು, ಕತ್ತು ಕೆಂಪಗೆ, ಬೆತ್ತಲೆ, ಯಾರೋ ಕ್ಷೌರ ಮಾಡಿ ಬಿಟ್ಟ ಹಾಗೆ. ಬಂಗಾರಮ್ಮ ಕುಪ್ಪಗಡ್ಡೆಗೆ ಫೋನ್ ಹಚ್ಚಿ ಮರಿಗಳ ಹತ್ರ ಹಿಡಿದ್ಲು. ಗುತ್ಯಪ್ಪ ಆ ಕಡೆಯಿಂದ ಕೇಳ್ತಾ ಇದ್ದ.

ಹತ್ತನೇದು, ಚೂರೇ ಅಲ್ಲಾಡಿದ್ದು, ಒಳಗಿಂದ ಚಿಪ್ಪನ್ನ ಒಡೆದಿತ್ತು. ಅಕ್ಕಿಕಾಳಷ್ಟು ತೂತು. ಅದರಲ್ಲಿ ಕೊಕ್ಕಿನ ತುದಿ ಕಾಣ್ತಿತ್ತು. ಸಂಘಮಿತ್ರಾ ಒಂದು ಗಂಟೆ ಅದನ್ನೇ ನೋಡ್ತಾ ಕೂತ್ಲು. ಕೊಕ್ಕು ಮೊದಲು ಅಲ್ಲಾಡ್ತಿತ್ತು. ಆಮೇಲೆ ಅಲ್ಲಾಡಲಿಲ್ಲ. ಸೋತು ಹೋಯ್ತು ಅಂದ್ಲು ಬಂಗಾರಮ್ಮ. ಅವತ್ತು ತಂಪು ಹಿಡೀತಲ್ಲ, ಶಕ್ತಿ ಸಾಲಲಿಲ್ಲ.

ಹನ್ನೊಂದೂವರೆಗೆ ಮಹಾಂತೇಶ್ ಬಂದ, ಇಸ್ತ್ರಿ ಅಂಗಿ ಹಾಕ್ಕೊಂಡು. ಜೊತೆಗೆ ಯೂಟ್ಯೂಬ್ ಚಾನಲ್ಲಿನವನೊಬ್ಬ, ಮೈಕು ಸಮೇತ. ಊರಿನ ಗ್ರೂಪುಗಳಲ್ಲಿ ಆಗಲೇ ಬಂದಿತ್ತು: ಮೂಕಪಕ್ಷಿಗಾಗಿ ಮೂರು ದಿನ ವಾಹನವನ್ನೇ ನಿಲ್ಲಿಸಿ ಮಾನವೀಯತೆ ಮೆರೆದ ಅಧಿಕಾರಿ. ಬೋನಿನ ಮುಂದೆ ನಿಂತು, ಕೂಲಿಂಗ್ ಗ್ಲಾಸ್ ಹಣೆಗೇರಿಸಿ, ಕಾಯಿದೆಗಿಂತ ಕರುಣೆ ದೊಡ್ಡದು ಅಂತ ಶುರು ಮಾಡಿದ. ಚಾನಲ್ಲಿನವನು, ಸಾರ್, ಒಂದು ಮರಿ ಕೈಯಲ್ಲಿ ಹಿಡ್ಕೊಳ್ಳಿ, ಚೆನ್ನಾಗಿ ಬರುತ್ತೆ ಅಂದ. ಮಹಾಂತೇಶ್ ನಗುತ್ತಾ ಬಂಗಾರಮ್ಮನ ಕಡೆ ಅಂಗೈ ಚಾಚಿದ.

ಬಂಗಾರಮ್ಮ ಮರಿಗಳನ್ನ ಸೆರಗಲ್ಲಿ ಮುಚ್ಕೊಂಡ್ಲು.

ಆ ಅಂಗೈ ಹಂಗೇ ಇತ್ತು, ಕ್ಯಾಮೆರಾ ಓಡ್ತಿತ್ತು. ಸಂಘಮಿತ್ರಾ ಎದ್ದು ಬಂದು ಅದರಲ್ಲಿ ಆ ಹತ್ತನೇ ಮೊಟ್ಟೆ ಇಟ್ಲು. ತೂತು ಮೇಲ್ಮುಖ ಆಗಿ, ಕೊಕ್ಕು ಕಾಣೋ ಹಾಗೆ.

"ಇದು ನಿಮ್ದು ಸಾರ್. ಹೊರಗೆ ಬರೋಕೆ ನೋಡಿದೆ. ಶುಕ್ರವಾರ ನೀವು ಬೆರಳು ತೋರಿಸಿದ್ರಲ್ಲ, ಅದೇ ಕೈ. ಹಿಡ್ಕೊಳ್ಳಿ, ಚೆನ್ನಾಗಿ ಬರುತ್ತೆ."

ಆಮೇಲೆ ತಿರುಗಿಯೂ ನೋಡಲಿಲ್ಲ. ಅವ್ವ ಮಗಳು ಸೇರಿ ಬಾಂಡ್ಲಿಯಲ್ಲಿ ಹ್ಯಾಟೆ, ಮರಿ ಎಲ್ಲ ತುಂಬಿಕೊಂಡು, ಮಿಕ್ಕ ಮೂರು ಮೊಟ್ಟೆನ ಹಳೇ ಸೀರೆಯಲ್ಲಿ ಕಟ್ಕೊಂಡು ಟ್ರೈಲರ್ ಇಳಿದ್ರು. ನಾಗರಾಜ್ ಕೈ ಕೊಡೋಕೆ ಬಂದ. ಬಂಗಾರಮ್ಮ ತಗೊಳ್ಳಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಗೇಟಿನ ಹತ್ರ ಹೋಗೋ ಹೊತ್ತಿಗೆ ಹಿಂದಿಂದ ಚಾನಲ್ಲಿನವನು, ಸಾರ್, ಕಟ್ ಮಾಡ್ಲಾ ಅಂತ ಕೇಳ್ತಿದ್ದ. ಮಹಾಂತೇಶ್ ಅಂಗೈ ಮಡಚೋಕೂ ಆಗದೆ, ಕೆಳಗೆ ಹಾಕೋಕೂ ಆಗದೆ ನಿಂತಿದ್ದ.

"ರೀ," ಅಂತ ಕೂಗಿದ. "ಇದನ್ನ ಎಲ್ಲಿ ಇಡ್ಲಿ?"

ಇಬ್ಬರೂ ಗೇಟು ದಾಟಿ ಬಿಸಿಲಿಗೆ ನಡೆದ್ರು.